ಹತ್ತು ಪೌಂಡಿಗೆ ಕೊಂಡ ಪಾದ್ರಿಮನೆ

ಪಾದ್ರಿಗಳ ಬಂಗಲೆ ಎಂದೊಡನೆ ನಮ್ಮ ಸೀಮೆಯ ವಾಚಕರ ಕಣ್ಣೆದುರಿಗೆ ಬರುವ ಚಿತ್ರ ಒಂದೇ. ವಿಶಾಲವಾದ ಆವರಣ, ನಡುವೆ ಎತ್ತರವಾದ ಮಾಡಿನ ಕಟ್ಟಡ, ಸುತ್ತಲೂ ಕಂಬಗಳ ಮೊಗಸಾಲೆ, ಬೇವಿನ ಮರಗಳ ನೆರಳು. 1810ರಲ್ಲಿ ಬಳ್ಳಾರಿಗೆ ಬಂದು ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರನ್ನಾಗಲಿ, ತರುವಾಯ ಬಂದ ವಿಲಿಯಂ ರೀವ್ ಅವರನ್ನಾಗಲಿ ನೆನೆದಾಗ ನಾವು ಅವರನ್ನು ಅಂತಹ ಬಂಗಲೆಯ ಮೊಗಸಾಲೆಯಲ್ಲಿಯೇ ಕುಳ್ಳಿರಿಸಿ ನೋಡುತ್ತೇವೆ. ಒಬ್ಬರು ಬೈಬಲನ್ನು ಕನ್ನಡಕ್ಕೆ ತರಲು ದುಡಿದವರು, ಇನ್ನೊಬ್ಬರು ಕನ್ನಡಕ್ಕೆ ನಿಘಂಟನ್ನು ಕಟ್ಟಿಕೊಟ್ಟವರು. ಆದರೆ ಸ್ವಾರಸ್ಯದ ಸಂಗತಿಯೆಂದರೆ, ಬಂಗಲೆ ಎಂಬುದು ಇಂಗ್ಲೆಂಡಿನ ಸ್ವತ್ತೇ ಅಲ್ಲ. ಬಂಗಾಳದ ಹಳ್ಳಿಮನೆಯ ಮಾದರಿಯನ್ನು ಕಂಡು ಆಂಗ್ಲರು ತಮ್ಮ ಅನುಕೂಲಕ್ಕೆ ಹಿಗ್ಗಿಸಿಕೊಂಡ ಮನೆ ಅದು. ಹೆಸರು ಕೂಡ ಅಲ್ಲಿಯದೇ. ಹಾಗಾದರೆ ಆ ಪಾದ್ರಿಗಳು ತಮ್ಮ ಸ್ವಂತ ದೇಶದ ಹಳ್ಳಿಗಳಲ್ಲಿ ಎಂತಹ ಮನೆಯಲ್ಲಿ ಇರುತ್ತಿದ್ದರು?

ಈ ಪ್ರಶ್ನೆಯನ್ನು ನಾವು ಬಹುಕಾಲ ಕೇಳಿಕೊಂಡಿರಲಿಲ್ಲ. ನಮ್ಮ ಶಾಲೆಯಲ್ಲಿ ಕಲಿತು ಈಗ ಆ ದೇಶದಲ್ಲಿ ಉದ್ಯೋಗದಲ್ಲಿರುವ ಹುಡುಗನೊಬ್ಬ ಹಳೆಯ ಮನೆಯೊಂದರ ಕೆಲವು ಚಿತ್ರಗಳನ್ನು ಕಳುಹಿಸಿ, "ಇದನ್ನು ನೋಡಿದರೆ ನಮ್ಮೂರ ಮಠದ ಮನೆ ನೆನಪಾಗುತ್ತದೆ, ಸಾರ್" ಎಂದು ಬರೆದಿದ್ದ. ಮೊದಲು ನಮಗೆ ನಗು ಬಂದಿತು. ಅದು ಹುಲ್ಲು ಹೊದಿಸಿದ ಇಳಿಜಾರು ಮಾಡಿನ ಮನೆ, ನಮ್ಮದು ಮಣ್ಣು ಹೊದ್ದ ಚಪ್ಪಟೆ ಮಾಳಿಗೆ. ಸಾಮ್ಯವೆಲ್ಲಿ ಬಂತು? ಆಮೇಲೆ ಆ ಮನೆಯ ವಿಚಾರವನ್ನು ಓದುತ್ತ ಹೋದಂತೆ ಹುಡುಗ ಹೇಳಿದ್ದು ಸುಳ್ಳಲ್ಲವೆಂದು ತೋರಿತು.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಮೀಪದಲ್ಲಿ, ಸಸೆಕ್ಸ್ ಪ್ರಾಂತದಲ್ಲಿ, ಕಕ್ಮಿಯರ್ ಎಂಬ ಸಣ್ಣ ಹೊಳೆಯ ದಡದಲ್ಲಿ ಆಲ್ಫ್ರಿಸ್ಟನ್ ಎಂಬ ಹಳ್ಳಿಯಿದೆ. ಹೊಳೆಯ ಪಕ್ಕದ ಹುಲ್ಲುಬಯಲಿನಲ್ಲಿ ಚಕಮಕಿ ಕಲ್ಲಿನಿಂದ ಕಟ್ಟಿದ ಸಂತ ಆಂಡ್ರ್ಯೂವಿನ ಇಗರ್ಜಿ. ಅದರ ಮಗ್ಗುಲಲ್ಲಿಯೇ ಈ ಪಾದ್ರಿಮನೆ. ಆರು ನೂರಕ್ಕೂ ಹೆಚ್ಚು ವರ್ಷಗಳ ಮನೆಯೆನ್ನುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹಂಪೆಯಲ್ಲಿ ಹರಿಹರ ಬುಕ್ಕರ ವಂಶದವರು ಆಳುತ್ತಿದ್ದ ಕಾಲ. ಆ ಕಾಲದ ಕೋಟೆ ಕೊತ್ತಲಗಳು, ಗುಡಿ ಗೋಪುರಗಳು ನಮ್ಮಲ್ಲಿ ಬೇಕಾದಷ್ಟು ನಿಂತಿವೆ. ಒಬ್ಬ ಸಾಮಾನ್ಯ ಮನುಷ್ಯ ಉಂಡು ಮಲಗಿದ ಮನೆ ಒಂದಾದರೂ ಉಳಿದಿದೆಯೆ?

ಆ ಕಾಲದ ಇಂಗ್ಲೆಂಡಿನ ಹಳ್ಳಿಯ ಪಾದ್ರಿ ಅವಿವಾಹಿತ. ಊರಿನವರು ಕೊಡುವ ಬೆಳೆಯ ಹತ್ತನೆಯ ಒಂದು ಪಾಲಿನಲ್ಲಿ ಒಂದಂಶ ಮತ್ತು ಇಗರ್ಜಿಗೆ ಬಿಟ್ಟ ಸ್ವಲ್ಪ ಹೊಲ, ಇವೇ ಅವನ ಜೀವನಾಧಾರ. ನಮ್ಮ ಗ್ರಾಮಗಳಲ್ಲಿ ಅಯ್ಯನವರಿಗೆ, ಪೂಜಾರಿಗೆ ಮಾನ್ಯದ ಹೊಲವಿದ್ದಂತೆ, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯ ಪಡೆಯುತ್ತಿದ್ದಂತೆ ಎಂದು ತಿಳಿದರೆ ಸಾಕು. ಅನೇಕ ಊರುಗಳಲ್ಲಿ ಇಗರ್ಜಿಯ ಮುಖ್ಯ ಆದಾಯ ಯಾವುದೋ ದೊಡ್ಡ ಸನ್ಯಾಸಿಮಠಕ್ಕೆ ಸಲ್ಲುತ್ತಿತ್ತು. ಊರಿನಲ್ಲಿದ್ದು ಪೂಜೆ ನಡೆಸುವವನು ಆ ಮಠದ ಪರವಾಗಿ ನಿಂತವನು. ವಿಕರ್ ಎಂಬ ಹೆಸರಿಗೆ ಬದಲಿಯವನು ಎಂದೇ ಮೂಲಾರ್ಥ. ಅವನು ಇರುವ ಮನೆಗೆ ವಿಕರೇಜ್ ಎಂದು ಹೆಸರು. ಇಂತಹ ಮನುಷ್ಯನಿಗೆ ಅರಮನೆ ಎಲ್ಲಿಂದ ಬರಬೇಕು? ಆಲ್ಫ್ರಿಸ್ಟನ್ನಿನ ಮನೆಯಲ್ಲಿ ಪಾದ್ರಿಗಾಗಿಯೇ ವಿಶೇಷವಾಗಿ ಯೋಚಿಸಿ ಕಟ್ಟಿದ್ದು ಏನೂ ಇಲ್ಲ. ಅಲ್ಲಿಯ ವೀಲ್ಡ್ ಎಂಬ ಸೀಮೆಯ ಸ್ಥಿತಿವಂತ ರೈತರು ಕಟ್ಟಿಕೊಳ್ಳುತ್ತಿದ್ದ ಮನೆಯ ಮಾದರಿಯೇ ಅದು.

ಆ ಮಾದರಿಯನ್ನು ಸ್ವಲ್ಪ ವಿವರಿಸಬೇಕು. ಉದ್ದವಾದ ಮನೆ, ಒಂದೇ ಮಾಡು. ನಡುವಿನ ಭಾಗ ನೆಲದಿಂದ ಮಾಡಿನ ತುದಿಯವರೆಗೂ ತೆರೆದ ದೊಡ್ಡ ಪಡಸಾಲೆ. ಅದಕ್ಕೆ ಮೇಲಂತಸ್ತು ಇಲ್ಲ. ಎರಡು ತುದಿಗಳಲ್ಲಿ ಮಾತ್ರ ಎರಡಂತಸ್ತು. ಒಂದು ತುದಿಯ ಕೆಳಗೆ ಅಡಿಗೆಯ ಪದಾರ್ಥ, ಪಾನೀಯಗಳ ಉಗ್ರಾಣ. ಇನ್ನೊಂದು ತುದಿಯ ಮೇಲಂತಸ್ತಿನಲ್ಲಿ ಯಜಮಾನನು ಮಲಗುವ ಕೋಣೆ. ಈ ತುದಿಗಳ ಮೇಲಂತಸ್ತು ಕೆಳಗೋಡೆಯನ್ನು ದಾಟಿ ಬೀದಿಯ ಕಡೆಗೆ ಒಂದೆರಡಡಿ ಮುಂದೆ ಚಾಚಿಕೊಂಡಿರುತ್ತದೆ. ಮಾಡಿನ ಅಂಚು ಮಾತ್ರ ಉದ್ದಕ್ಕೂ ನೇರ. ಆದಕಾರಣ ನಡುವಿನ ಪಡಸಾಲೆಯ ಗೋಡೆ ಹಿಂದೆ ಸರಿದು ನಿಂತಂತೆ ಕಾಣುತ್ತದೆ. ಅದರ ಮುಂದೆ ಮಾಡಿಗೆ ಆಸರೆಯಾಗಿ ಬಾಗಿದ ಮರದ ತುಂಡುಗಳು ಎರಡು ಕಡೆಯಿಂದಲೂ ಕೈ ಚಾಚಿರುತ್ತವೆ. ಆಲ್ಫ್ರಿಸ್ಟನ್ನಿನಲ್ಲಿ ಒಂದು ತುದಿ ಕಾಲಾಂತರದಲ್ಲಿ ಮಾರ್ಪಾಟಾಗಿರುವುದರಿಂದ ಮನೆ ಎರಡೂ ಕಡೆಗೆ ಸಮನಾಗಿ ಕಾಣುವುದಿಲ್ಲ.

ಮನೆಯ ಜೀವವಿರುವುದು ಗೋಡೆಯಲ್ಲಲ್ಲ, ಮರದ ಕಟ್ಟಿನಲ್ಲಿ. ಓಕ್ ಮರವನ್ನು ಹಸಿಯಿರುವಾಗಲೇ ಕೊಯ್ದು, ತೂತು ಕೊರೆದು, ಅದಕ್ಕೆ ತಕ್ಕ ನಾಲಗೆ ಕೆತ್ತಿ, ಒಂದನ್ನೊಂದರಲ್ಲಿ ಕೂಡಿಸಿ ಮರದ ಬೆಣೆಯನ್ನು ಹೊಡೆಯುತ್ತಿದ್ದರು. ಮರ ಒಣಗುತ್ತ ಬಂದಂತೆ ಕೀಲು ಬಿಗಿಯುತ್ತದೆ. ಬಡಗಿಯು ಎಲ್ಲ ತೊಲೆಗಳನ್ನೂ ತನ್ನ ಅಂಗಳದಲ್ಲಿ ಮೊದಲು ಜೋಡಿಸಿ ನೋಡಿ, ಯಾವುದು ಯಾವುದಕ್ಕೆ ಸೇರಬೇಕೆಂದು ಉಳಿಯಿಂದ ಗುರುತು ಗೀರಿ, ಬಿಚ್ಚಿ, ಮನೆಯ ನಿವೇಶನಕ್ಕೆ ಸಾಗಿಸಿ ಎತ್ತಿ ನಿಲ್ಲಿಸುತ್ತಿದ್ದ. ಎರಡು ಜೋಡಿ ಕಂಬಗಳ ನಡುವಿನ ಜಾಗಕ್ಕೆ ಅವರು 'ಬೇ' ಎನ್ನುತ್ತಾರೆ. ಮನೆಯ ದೊಡ್ಡಸ್ತಿಕೆಯನ್ನು ಎಷ್ಟು ಬೇ ಎಂದು ಎಣಿಸಿ ಹೇಳುವುದು ಅವರ ಹಳೆಯ ವಾಡಿಕೆ. ಇದನ್ನು ಓದಿದ ಗಳಿಗೆಯಲ್ಲಿ ನಮಗೆ ಆದ ಸಂತೋಷವನ್ನು ಮುಚ್ಚಿಡಲಾರೆವು. ನಮ್ಮ ಅಂಕಣವೂ ಅದೇ ಅಲ್ಲವೆ? ಐದಂಕಣದ ಮನೆ, ಒಂಬತ್ತಂಕಣದ ಮನೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದುದು ಗೋಡೆಯನ್ನು ಅಳೆದಲ್ಲ, ಕಂಬದಿಂದ ಕಂಬಕ್ಕೆ ತೊಲೆ ಎಷ್ಟು ಸಲ ಹಾಯ್ದಿದೆ ಎಂಬುದನ್ನು ನೋಡಿ. ತೊಲೆಯ ಉದ್ದವೇ ಮನುಷ್ಯನ ಮನೆಗೆ ಅಳತೆ. ಈ ಮಾತನ್ನು ಸಾವಿರಾರು ಮೈಲಿ ದೂರದ ಇಬ್ಬರು ಬಡಗಿಗಳು ಒಬ್ಬರನ್ನೊಬ್ಬರು ಕೇಳದೆಯೇ ಕಂಡುಕೊಂಡಿದ್ದಾರೆ.

ಕಂಬಗಳ ನಡುವಿನ ತೆರಪನ್ನು ತುಂಬಿರುವುದು ತಡಿಕೆ. ಮರದ ಸೀಳುಗಳನ್ನು ಹೆಣೆದು, ಮಣ್ಣು, ಹುಲ್ಲು, ಸಗಣಿಗಳನ್ನು ಕಲಸಿ ಎರಡು ಕಡೆಯಿಂದಲೂ ಮೆತ್ತಿ, ಮೇಲೆ ಸುಣ್ಣ ಬಳಿದಿದ್ದಾರೆ. ದನದ ಸಗಣಿ ಆಂಗ್ಲರ ಪಾದ್ರಿಯ ಗೋಡೆಯಲ್ಲಿಯೂ ಸೇರಿತ್ತೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿದಾಗ ತರಗತಿಯೆಲ್ಲ ನಕ್ಕಿತು. ಆದರೆ ಆ ದಿನದ ಪಾಠ ಯಾರಿಗೂ ಮರೆತಿಲ್ಲ.

ನಡುವಿನ ಪಡಸಾಲೆಯಲ್ಲಿ ಆಗ ಹೊಗೆಗೂಡು ಇರಲಿಲ್ಲ. ನೆಲದ ನಡುವೆಯೇ ಬೆಂಕಿ. ಹೊಗೆ ಮೇಲಕ್ಕೆದ್ದು ಮಾಡಿನ ತೊಲೆಗಳನ್ನೆಲ್ಲ ಸುತ್ತಿ ಹುಲ್ಲಿನ ಸಂದುಗಳಿಂದ ಹೊರಹೋಗಬೇಕು. ಇಂತಹ ಮನೆಗಳ ಮಾಡಿನ ಮರಕ್ಕೆ ಹಿಡಿದ ಮಸಿಯನ್ನು ಕಂಡೇ ವಿದ್ವಾಂಸರು ಇಲ್ಲಿ ತೆರೆದ ಒಲೆಯಿತ್ತೆಂದು ನಿರ್ಣಯಿಸುತ್ತಾರೆ. ನಮ್ಮ ಮಾಳಿಗೆ ಮನೆಗಳಲ್ಲಿ ಅಡಿಗೆಮನೆಯ ಮೇಲಿನ ಬೆಳಕಿಂಡಿ ಇದೇ ಕೆಲಸವನ್ನು ಮಾಡುತ್ತದೆ. ಅದರ ಸುತ್ತಲಿನ ಜಂತೆಗಳು ಕಾಡಿಗೆಯಂತೆ ಕಪ್ಪಾಗಿರುವುದನ್ನು ಯಾರು ನೋಡಿಲ್ಲ? ಹೊಗೆ ಕುಡಿದ ಮರಕ್ಕೆ ಹುಳು ಬೀಳುವುದಿಲ್ಲವೆಂದು ಹಿರಿಯರು ಹೇಳುತ್ತಿದ್ದರು.

ಇನ್ನು ನೆಲ. ಆ ಪಡಸಾಲೆಯ ನೆಲ ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ. ಆ ಸೀಮೆಯ ಗುಡ್ಡಗಳೆಲ್ಲ ಬಿಳಿಯ ಸೀಮೆಸುಣ್ಣದ ಗುಡ್ಡಗಳು. ಆ ಸುಣ್ಣದ ಗಡ್ಡೆಗಳನ್ನು ತಂದು ಕುಟ್ಟಿ ಹಾಸಿ, ಮೇಲೆ ಹುಳಿ ಹಾಲನ್ನು ಸುರಿದು ಗಟ್ಟಿಮಾಡಿದ ನೆಲ. ಸೀಮೆಸುಣ್ಣವೆಂಬ ಹೆಸರನ್ನು ದಿನಕ್ಕೆ ಹತ್ತು ಬಾರಿ ಹೇಳುವ ನಾವು, ಅದನ್ನು ಹಾಲಿನಲ್ಲಿ ಕಲಸಿ ನೆಲ ಮಾಡಬಹುದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಸಗಣಿಯಿಂದ ಸಾರಿಸಿದ ನೆಲ ನಮ್ಮದು, ಹಾಲಿನಿಂದ ಬಿಗಿದ ನೆಲ ಅವರದು. ದನ ಇಬ್ಬರಿಗೂ ನೆರವಾಗಿದೆ.

16ನೆಯ ಶತಮಾನದಲ್ಲಿ ಆ ದೇಶದ ಧರ್ಮ ಬದಲಾಯಿತು. ಮಠಗಳು ಮುಚ್ಚಿದವು, ಪಾದ್ರಿಗಳು ವಿವಾಹವಾಗಬಹುದೆಂದಾಯಿತು. ಹೆಂಡತಿ ಮಕ್ಕಳು, ಆಳುಕಾಳು ಬಂದ ಮೇಲೆ ಹೊಗೆ ತುಂಬಿದ ಒಂದೇ ಪಡಸಾಲೆ ಸಾಲದಾಯಿತು. 1776ರಲ್ಲಿ ಪಾದ್ರಿಗಳು ತಮ್ಮ ಮುಂದಿನ ಆದಾಯದ ಮೇಲೆ ಸಾಲ ತೆಗೆದು ಮನೆ ಕಟ್ಟಲು ಕಾನೂನು ಒಪ್ಪಿಗೆ ಕೊಟ್ಟಿತು. ಅಲ್ಲಿಂದ ಮುಂದೆ ಊರೂರಿನಲ್ಲಿ ಇಟ್ಟಿಗೆಯ, ಕಲ್ಲಿನ, ಎತ್ತರದ ಕಿಟಕಿಗಳ ದೊಡ್ಡ ಮನೆಗಳೆದ್ದವು. ಕಾದಂಬರಿಗಳನ್ನು ಓದುವವರಿಗೆ ಪರಿಚಿತರಾದ ಬ್ರಾಂಟೆ ಸಹೋದರಿಯರು ಬೆಳೆದ ಹಾವರ್ತ್ ಗ್ರಾಮದ ಪಾದ್ರಿಮನೆ ಈ ಕಾಲದ್ದು. 1928ರಿಂದ ಅದು ವಸ್ತುಸಂಗ್ರಹಾಲಯ. 20ನೆಯ ಶತಮಾನದಲ್ಲಿ ಈ ದೊಡ್ಡ ಮನೆಗಳನ್ನು ಸಾಕಲಾರದೆ ಅಲ್ಲಿಯ ಧರ್ಮಸಂಸ್ಥೆ ಬಹಳಷ್ಟನ್ನು ಖಾಸಗಿಯವರಿಗೆ ಮಾರಿಬಿಟ್ಟಿತು.

ಆಲ್ಫ್ರಿಸ್ಟನ್ನಿನ ಮನೆಯಿಂದಲೂ ಪಾದ್ರಿ ಹೊರಟುಹೋದ. ಅದನ್ನು ವಿಂಗಡಿಸಿ ಕೂಲಿಯವರಿಗೆ ಬಾಡಿಗೆಗೆ ಕೊಟ್ಟರು. ಮಾಡು ಕುಸಿಯಿತು, ತಡಿಕೆ ಉದುರಿತು. 19ನೆಯ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ಕೆಡವಿಬಿಡಲು ಮೇಲಿನವರಿಂದ ಅಪ್ಪಣೆಯೂ ದೊರಕಿತು. ಆಗ ಅಲ್ಲಿ ವಾಸವಾಗಿದ್ದವಳು ಹ್ಯಾರಿಯೆಟ್ ಕೋಟ್ಸ್ ಎಂಬ ಮುದುಕಿ. ಸಾಯುವತನಕ ತನ್ನನ್ನು ಇಲ್ಲಿಯೇ ಇರಗೊಡಿರೆಂದು ಆಕೆ ಬೇಡಿಕೊಂಡಳಂತೆ. ಕೆಡವುವ ಕೆಲಸ ನಿಂತಿತು. ಆಕೆ 1888ರಲ್ಲಿ ತೀರಿಕೊಂಡಳು. ಅಷ್ಟು ಹೊತ್ತಿಗೆ ಆ ಊರಿಗೆ ಬೇನಾನ್ ಎಂಬ ಹೊಸ ಪಾದ್ರಿ ಬಂದಿದ್ದ. ಆತನಿಗೆ ಈ ಹಾಳು ಮನೆಯ ಬೆಲೆ ತಿಳಿದಿತ್ತು. ಹಣಕ್ಕಾಗಿ, ನೆರವಿಗಾಗಿ ಆತ ಹಲವರ ಬಾಗಿಲು ಬಡಿದ.

1895ರಲ್ಲಿ ಲಂಡನ್ನಿನಲ್ಲಿ ಮೂವರು ಸೇರಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯನ್ನು ಹುಟ್ಟುಹಾಕಿದ್ದರು. ಬಡವರ ವಸತಿಗಾಗಿ ಜೀವ ತೇದ ಆಕ್ಟೇವಿಯಾ ಹಿಲ್ ಎಂಬ ಮಹಿಳೆ, ರಾಬರ್ಟ್ ಹಂಟರ್ ಎಂಬ ವಕೀಲ, ಹಾರ್ಡ್ವಿಕ್ ರಾನ್ಸ್‌ಲಿ ಎಂಬ ಇನ್ನೊಬ್ಬ ಪಾದ್ರಿ. ಚೆಲುವಾದ ನೆಲವನ್ನೂ ಹಳೆಯ ಕಟ್ಟಡಗಳನ್ನೂ ಜನರ ಹೆಸರಿನಲ್ಲಿ ಶಾಶ್ವತವಾಗಿ ಕಾಪಾಡುವುದು ಸಂಸ್ಥೆಯ ಉದ್ದೇಶ. ಅದು ಕೊಂಡ ಮೊಟ್ಟಮೊದಲ ಕಟ್ಟಡ ಈ ಪಾದ್ರಿಮನೆ. ವರ್ಷ 1896, ಬೆಲೆ 10 ಪೌಂಡು. ಆಗಿನ ನಮ್ಮ ನಾಣ್ಯದಲ್ಲಿ ನೂರೆಪ್ಪತ್ತು ರೂಪಾಯಿಗಳ ಆಸುಪಾಸು. ಕೋಟೆಯಲ್ಲ, ಅರಮನೆಯಲ್ಲ, ಮಣ್ಣು ಮೆತ್ತಿದ ಮನೆ! ಇಂದು ಆ ಸಂಸ್ಥೆಗೆ ಐವತ್ತು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಅದರ ಲಾಂಛನವಾದ ಓಕ್ ಎಲೆಯ ಮೂಲ ಈ ಮನೆಯ ಪಡಸಾಲೆಯ ಮೂಲೆಯಲ್ಲಿ ಯಾವನೋ ಬಡಗಿ ಕೆತ್ತಿದ ಎಲೆಯೆಂದು ಪ್ರತೀತಿ.

ಕೊಳ್ಳುವುದು ಸುಲಭ, ದುರಸ್ತಿಯೇ ಕಷ್ಟ. ಕೆಲಸದ ಹೊಣೆ ಹೊತ್ತವರು ಆಲ್ಫ್ರೆಡ್ ಪೊವೆಲ್ ಎಂಬ ವಾಸ್ತುಶಿಲ್ಪಿ. ಇವರು ವಿಲಿಯಂ ಮಾರಿಸ್ 1877ರಲ್ಲಿ ಸ್ಥಾಪಿಸಿದ ಹಳೆಯ ಕಟ್ಟಡಗಳ ರಕ್ಷಣಾ ಸಂಘದ ದಾರಿಯವರು. ಹಳೆಯದನ್ನು ಕಿತ್ತು ಹಳೆಯದರಂತೆಯೇ ಹೊಸದನ್ನು ಕಟ್ಟುವುದು ಮೋಸ. ಕೆಟ್ಟಷ್ಟನ್ನು ಮಾತ್ರ ರಿಪೇರಿ ಮಾಡಬೇಕು. ದಿನದಿನದ ಆರೈಕೆಯಿದ್ದರೆ ದೊಡ್ಡ ರಿಪೇರಿಯೇ ಬೇಕಾಗುವುದಿಲ್ಲ. ಇದು ಆ ಸಂಘದ ನಿಲುವು. ಸಾಮರಸೆಟ್ ಪ್ರಾಂತದ ಮಚಲ್ನಿ ಎಂಬಲ್ಲಿ 1308ರಲ್ಲಿ ಕಟ್ಟಿದ ಮತ್ತೊಂದು ಪಾದ್ರಿಮನೆಯನ್ನು 1911ರಲ್ಲಿ ಉಳಿಸಿದವರೂ ಇದೇ ಬಳಗ.

ಇಷ್ಟು ದೂರದ ಮಾತನ್ನು ಇಷ್ಟು ಉದ್ದಕ್ಕೆ ಬರೆಯಲು ಕಾರಣ ನಮ್ಮೂರ ಮಠದ ಮನೆ. ಅದು ಜಗದ್ಗುರುಗಳ ಪೀಠವಲ್ಲ. ಮಂತ್ರಾಲಯದ ಮಠದಂತೆ ಆದವಾನಿಯ ನವಾಬ ಗ್ರಾಮವನ್ನೇ ಉಂಬಳಿ ಬಿಟ್ಟ ಸ್ಥಾನವೂ ಅಲ್ಲ. ಅಯ್ಯನವರ ಮನೆ, ಅಷ್ಟೆ. ಒಂಬತ್ತಂಕಣ. ಎರಡು ಮೊಳ ದಪ್ಪದ ಕಲ್ಲುಮಣ್ಣಿನ ಗೋಡೆ, ಬೋದಿಗೆಯಿಟ್ಟ ಕಂಬಗಳು, ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಕಟ್ಟಿಗೆ ಸೊಪ್ಪು ಹಾಸಿ ಮಣ್ಣು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು ತಾಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದಾಗಲೂ ನಮ್ಮೂರ ಕನ್ನಡ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಆ ಮಠದ ಪಡಸಾಲೆಯಲ್ಲಿಯೇ ಮಕ್ಕಳು ಅ ಆ ಇ ಈ ತಿದ್ದುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಕಂಬವೊಂದರ ಮೇಲೆ ಯಾವನೋ ಹುಡುಗ ಮೊಳೆಯಿಂದ ಗೀರಿದ 'ಕ' ಅಕ್ಷರ ಇಂದಿಗೂ ಇದೆ.

ಈಗ ಅಲ್ಲಿರುವುದು ಎಂಬತ್ತು ದಾಟಿದ ಅವ್ವ ಒಬ್ಬರೇ. ಮಕ್ಕಳು ಬೇರೆ ಊರುಗಳಲ್ಲಿ ಚೆನ್ನಾಗಿದ್ದಾರೆ. ತೊಲೆಗಳನ್ನು ಕೇಳಿಕೊಂಡು ವ್ಯಾಪಾರಿಗಳು ಬರುತ್ತಾರೆ. ಹಳೆಯ ತೇಗಕ್ಕೆ ಪಟ್ಟಣದಲ್ಲಿ ಒಳ್ಳೆಯ ಬೆಲೆ. ಮಕ್ಕಳನ್ನೂ ನಾವು ದೂರಲಾರೆವು. 2009ರ ಅಕ್ಟೋಬರದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೇ ಮುಳುಗಿದಾಗ ಹೊಳೆದಂಡೆಯ ಹಳ್ಳಿಗಳಲ್ಲಿ ಮಣ್ಣಿನ ಮನೆಗಳು ಕುಸಿದುದನ್ನು ಕಂಡವರು, ಮಣ್ಣಿನ ಮಾಳಿಗೆಯ ಕೆಳಗೆ ತಾಯಿಯನ್ನು ಮಲಗಿಸಿ ನೆಮ್ಮದಿಯಾಗಿ ಹೇಗಿದ್ದಾರು? ಸಿಮೆಂಟಿನ ಮನೆ ಕಟ್ಟಿಸಿಕೊಡುತ್ತೇವೆಂದು ಅವರು ಹೇಳುವುದು ತಾಯಿಯ ಮೇಲಿನ ಪ್ರೀತಿಯಿಂದಲೇ. ಒಂದು ದಿನ ನಾವು ಹೋಗಿದ್ದಾಗ ಅವ್ವ ತೊಲೆಯನ್ನು ತೋರಿಸಿ, "ನಾ ಇರಾತನಕ ಇದನ್ನ ಮುಟ್ಟಬ್ಯಾಡ್ರಿ ಅಂತ ಹೇಳಿನಪ್ಪ. ನಾ ಹೋದ ಮ್ಯಾಲೆ ಏನರ ಮಾಡ್ಕೊಳ್ಲಿ" ಎಂದರು. ಹ್ಯಾರಿಯೆಟ್ ಕೋಟ್ಸಳ ವಿಷಯ ನಮಗೆ ಆಗಿನ್ನೂ ತಿಳಿದಿರಲಿಲ್ಲ.

ಮಾಳಿಗೆ ಸೋರುವುದೇಕೆಂದರೆ ಅದು ಮಣ್ಣಿನದೆಂದಲ್ಲ, ಮಣ್ಣು ಹಾಕುವವರಿಲ್ಲವೆಂದು. ಮುಂಗಾರಿಗೆ ಮುನ್ನ ಪ್ರತಿವರ್ಷ ಚೌಳು ಮಣ್ಣನ್ನು ತಂದು ಮೇಲೆ ಹರಡಿ ತುಳಿದು, ನೀರು ದೋಣಿಯ ಕಡೆಗೆ ಹರಿಯುವಂತೆ ಇಳಿಜಾರು ಮಾಡಬೇಕು. ತೆಲುಗರು ಚೌಡು ಎನ್ನುವುದೂ ಇದನ್ನೇ; ಅವರ ಮಿದ್ದೆಗೂ ನಮ್ಮ ಮಾಳಿಗೆಗೂ ಒಂದೇ ಹೊದಿಕೆ. ಮಳೆ ಬಿದ್ದೊಡನೆ ಆ ಮಣ್ಣು ಮುದ್ದೆಯಾಗಿ ನೀರನ್ನು ಒಳಗೆ ಬಿಡುವುದಿಲ್ಲ. ಹಿಂದೆ ಇದು ಮನೆಯವರೆಲ್ಲ ಸೇರಿ ಮಾಡುತ್ತಿದ್ದ ಒಂದು ದಿನದ ಕೆಲಸ. ನಾಲ್ಕು ವರ್ಷ ಬಿಟ್ಟರೆ ಹುಲ್ಲು ಬೆಳೆಯುತ್ತದೆ, ಬೇರು ಬಿಡುತ್ತದೆ, ಜಂತೆ ಕೊಳೆಯುತ್ತದೆ.

ಇದಕ್ಕಿಂತ ಕೆಟ್ಟ ಕೆಲಸ ಸಿಮೆಂಟು. ಸೋರುತ್ತದೆಂದು ಊರಿನ ಇನ್ನೊಂದು ಮನೆಯ ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರು. ಹೊರಗೆ ನೋಡಲು ಅಂದವಾಯಿತು. ಆದರೆ ನೆಲದಿಂದ ಏರಿದ ತೇವ ಮಣ್ಣಿನ ಗೋಡೆಯಲ್ಲಾದರೆ ಗಾಳಿಗೆ ಆರಿಹೋಗುತ್ತದೆ. ಸಿಮೆಂಟಿನ ಹಿಂದೆ ಅದಕ್ಕೆ ದಾರಿಯಿಲ್ಲ. ಕಲ್ಲಿನ ನಡುವಿನ ಮಣ್ಣು ಒಳಗೇ ಕರಗಿತು. ಮೂರನೆಯ ಮಳೆಗಾಲಕ್ಕೆ ಗಿಲಾವು ಹಪ್ಪಳದಂತೆ ಉಬ್ಬಿ, ಗೋಡೆಯ ಒಂದು ಮಗ್ಗುಲನ್ನು ಎಳೆದುಕೊಂಡೇ ಬಿದ್ದಿತು. ಇಂಗ್ಲೆಂಡಿನ ಆ ಸಂಘದವರೂ ಹಳೆಯ ಗೋಡೆಗೆ ಸಿಮೆಂಟು ಬೇಡ, ಸುಣ್ಣ ಬಳಸಿರಿ ಎಂದೇ ಹೇಳುತ್ತಾರೆ.

ಕಳೆದ ಬೇಸಿಗೆ ರಜೆಗೆ ಮುಂಚೆ ನಾವು ಏಳನೆಯ ತರಗತಿಯ ಮಕ್ಕಳನ್ನು ಮಠದ ಮನೆಗೆ ಕರೆದೊಯ್ದೆವು. ಟೇಪು, ನಕಾಸೆ ಕಾಗದ, ಸೀಸದ ಕಡ್ಡಿ. ಶಿಕ್ಷಕ ತರಬೇತಿಯಲ್ಲಿ ನಾವು ಕಲಿತ ಅಳತೆನಕ್ಷೆ ಬಹುದಿನಗಳ ಮೇಲೆ ಉಪಯೋಗಕ್ಕೆ ಬಂತು. ಹುಡುಗರು ಕಂಬಗಳನ್ನು ಎಣಿಸಿದರು, ಹುಡುಗಿಯರು ಅಂಕಣಗಳನ್ನು ಅಳೆದು ಬರೆದುಕೊಂಡರು. ಅಳತೆಗಳು ಮೊದಲ ದಿನ ಒಂದಕ್ಕೊಂದು ಕೂಡಲಿಲ್ಲ, ಒಂದೂವರೆ ಅಡಿಯ ವ್ಯತ್ಯಾಸ ಬಂತು. ಗೋಡೆಯ ದಪ್ಪವನ್ನು ಒಂದು ಕಡೆ ಬಿಟ್ಟಿದ್ದರು. ಅವ್ವ ಪಡಸಾಲೆಯ ಕಟ್ಟೆಯ ಮೇಲೆ ಕುಳಿತು, ಯಾವ ಕೋಣೆಗೆ ಏನು ಹೆಸರು, ಹಗೇವಿನ ಬಾಯಿ ಎಲ್ಲಿತ್ತು, ಲಿಂಗಪೂಜೆಯ ನೀರು ಯಾವ ಕಿಂಡಿಯಿಂದ ಹರಿಯುತ್ತಿತ್ತು, ಎಲ್ಲವನ್ನೂ ಹೇಳುತ್ತ ಹೋದರು. ಈಗ ಆ ನಕ್ಷೆ ಶಾಲೆಯ ಗೋಡೆಯಲ್ಲಿದೆ. ಅದರ ಪಕ್ಕದಲ್ಲಿಯೇ ಆಲ್ಫ್ರಿಸ್ಟನ್ನಿನ ಮನೆಯ ಒಂದು ಚಿತ್ರ.

ನಕ್ಷೆಯನ್ನು ಕಂಡ ಅವ್ವನ ಹಿರಿಯ ಮಗ ತೊಲೆಯ ವ್ಯಾಪಾರದ ಮಾತನ್ನು ಸದ್ಯಕ್ಕೆ ಬಿಟ್ಟಿದ್ದಾರೆ. ಚೌಳು ಮಣ್ಣು ತರಲು ಊರಿನಲ್ಲಿ ಬಂಡಿಗಳೇ ಉಳಿದಿಲ್ಲ. ರೋಹಿಣಿ ಮಳೆಗೆ ಮುಂಚೆ ಎರಡು ಟ್ರ್ಯಾಕ್ಟರ್ ಮಣ್ಣು ತರಿಸಿ, ಹಳೆಯ ವಿದ್ಯಾರ್ಥಿಗಳು ಎಂಟು ಜನ ಮೇಲೆ ಹತ್ತಿ ತುಳಿದರು. ಮಣ್ಣಿನ ಹದ ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೆಳಗಿನಿಂದ ಅವ್ವನೇ ಕೂಗಿ ಹೇಳಬೇಕಾಯಿತು. ಈ ಮಳೆಗಾಲದಲ್ಲಿ ಪಡಸಾಲೆ ಸೋರಲಿಲ್ಲ. ಅಡಿಗೆಮನೆಯ ಈಶಾನ್ಯ ಮೂಲೆ ಇನ್ನೂ ಸೋರುತ್ತಿದೆ. ಅಲ್ಲಿ ಎರಡು ಜಂತೆಗಳನ್ನು ಬದಲಿಸಬೇಕು.